ಒಂದೇ ಹೊಟ್ಟೆ, ಎರಡು ಕಾಗದ

ಮೂರು ಮಹಡಿ ಎತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದು ಬಣ್ಣ ಬಳಿಯುವ ಪೇಂಟರಿಗೆ ಹೆಬ್ಬೆರಳುದ್ದದ ಒಂದು ಡಬ್ಬಿ ಕಂಡು ಬೆವರು ಕಿತ್ತುಕೊಂಡಿತು. ಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆಮಾಡಬೇಕು, ಐವತ್ತು ದಾಟಿದವರೆಲ್ಲ ಚೂರು ಮಲ ತುಂಬಿಕೊಡಿ ಎಂದು ನರ್ಸಮ್ಮ ಮನೆಮನೆಗೂ ಡಬ್ಬಿ ಹಂಚಿದ್ದರು. ಗಂಡನಿಗೊಂದು, ಹೆಂಡತಿಗೊಂದು. ಎಂಟು ಮನೆಗೆ ಇರುವುದೇ ಒಂದು ಕಕ್ಕಸು, ಬೆಳಗಾದರೆ ಅದರ ಮುಂದೆ ಸಾಲು. ಆ ಸಾಲಿನಲ್ಲಿ ಡಬ್ಬಿ ಹಿಡಿದು ನಿಲ್ಲುವುದುಂಟೇ?

"ನಂದೂ ನೀನೇ ತುಂಬಿಬಿಡೇ," ಎಂದು ಹೆಂಡತಿಯ ಮುಂದೆ ಗೋಗರೆದ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಆಕೆಗೆ ಕೆಲಸಕ್ಕೆ ಹೊತ್ತಾಗಿತ್ತು. ಗೊಣಗುತ್ತಲೇ ಎರಡನ್ನೂ ತನ್ನದರಿಂದಲೇ ತುಂಬಿ, ಹೆಸರಂಟಿಸಿ ಕೊಟ್ಟಳು.

ಎರಡು ವಾರಕ್ಕೆ ಕಾಗದ ಬಂತು. ಅವನದರಲ್ಲಿ ರಕ್ತ ಇದೆ, ಗುರುವಾರ ದೊಡ್ಡಾಸ್ಪತ್ರೆಗೆ ಬರಬೇಕು. ಅವಳದರಲ್ಲಿ ಏನೂ ಇಲ್ಲ.

ಪೇಂಟರ್ ತಲೆ ಕೆರೆದುಕೊಂಡ. ರಕ್ತ ತನ್ನ ಹೆಸರಿನಲ್ಲಿದೆ, ಆದರೆ ತನ್ನದಲ್ಲ. ಅವಳದು ಎನ್ನೋಣವೆಂದರೆ ಅವಳ ಕಾಗದ ಚೊಕ್ಕವಾಗಿದೆ. ಒಂದೇ ಹೊಟ್ಟೆಯದು ಒಂದು ಹೌದು, ಇನ್ನೊಂದು ಇಲ್ಲ ಎಂದರೆ ಯಾವುದನ್ನು ನಂಬುವುದು?

"ಡಬ್ಬಿ ಅದಲುಬದಲಾಗಿರ್ಬೇಕು ಕಣ್ರೀ," ಎಂದಳು ಹೆಂಡತಿ. "ಯಾರದ್ದೋ ತಂದು ನಮ್ಗೆ ಗಂಟುಹಾಕಿದಾರೆ."

ಹಾಗೇ ನಂಬಿಬಿಡುವ ಆಸೆ ಅವನಿಗೂ ಇತ್ತು. ಆದರೂ ನರ್ಸಮ್ಮನನ್ನೇ ಕೇಳಿಬಿಡೋಣ ಎಂದ.

ಮರುದಿನ ಇಬ್ಬರೂ ನರ್ಸಮ್ಮನ ಮುಂದೆ ಕೂತರು. ಅವನು ತಲೆ ತಗ್ಗಿಸಿಕೊಂಡೇ ನಡೆದದ್ದೆಲ್ಲ ಬಾಯಿಬಿಟ್ಟ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ರಕ್ತ ಎಲ್ಲಾ ಕಡೆ ಒಂದೇ ಥರ ಬೆರೆತಿರಲ್ಲಮ್ಮ. ಇಲ್ಲಿ ಸಿಗುತ್ತೆ, ಪಕ್ಕದಲ್ಲೇ ಸಿಗಲ್ಲ. ಎರಡೂ ನಿಮ್ದೇ ಆದ್ರೆ, ಒಳಗೆ ಕ್ಯಾಮೆರಾ ಬಿಟ್ಟು ನೋಡ್ಬೇಕಾಗಿರೋದು ನಿಮಗೆ. ಕ್ಯಾನ್ಸರೇ ಅಂತಲ್ಲ. ನೋಡ್ದೆ ಹೇಳಕ್ಕಾಗಲ್ಲ."

"ನಂದು ಸರಿಯಿದೆ ಅಂತ ಬರ್ದಿದೆಯಲ್ಲಾ," ಎಂದು ಹೆಂಡತಿ ತನ್ನ ಕಾಗದವನ್ನು ಮತ್ತೆ ಮುಂದೆ ಹಿಡಿದಳು.

ಪೇಂಟರಿಗೆ ಒಮ್ಮೆಲೇ ಹೊಳೆಯಿತು. ತಾನು ಗಂಡಸಿನ ಹಾಗೆ ತನ್ನ ಡಬ್ಬಿ ತಾನೇ ತುಂಬಿದ್ದರೆ, ಅವಳ ಕೈಯಲ್ಲಿ ಇದೊಂದೇ ಕಾಗದ ಇರುತ್ತಿತ್ತು. ಅದನ್ನು ನಂಬಿ ಇಬ್ಬರೂ ಹಾಯಾಗಿ ಇದ್ದುಬಿಡುತ್ತಿದ್ದರು. ತನ್ನ ಪುಕ್ಕಲುತನಕ್ಕೆ ನಾಚಬೇಕೋ, ಕೈಮುಗಿಯಬೇಕೋ ಅವನಿಗೆ ತಿಳಿಯಲಿಲ್ಲ. ಹೆದರಿಕೆಯಂತೂ ಆಯಿತು, ಹಗ್ಗದ ಮೇಲೆ ಎಂದೂ ಆಗದಷ್ಟು.

ನರ್ಸಮ್ಮ ಆಸ್ಪತ್ರೆಯ ಚೀಟಿಯಲ್ಲಿ ಅವನ ಹೆಸರು ಹೊಡೆದುಹಾಕಿ ಅವಳದು ಬರೆಯಲು ಪೆನ್ನು ತೆಗೆದರು. ಅವನು ಅಡ್ಡ ಕೈಯಿಟ್ಟ.

"ನನ್ ಹೆಸರೇ ಇರ್ಲಿ ಬಿಡೀಮ್ಮ," ಎಂದ. "ಅದು ನಂದೇ ಅಂತ ಬರ್ಕೊಳ್ಳಿ."

ಹೆಂಡತಿ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.