ಗುಂಡುಪಿನ್ನು ಕಂಡಿತು, ಹೆಂಡತಿ ಕಾಣಲಿಲ್ಲ

ಟೇಲರಣ್ಣನ ಕೈ ಎಂಥದ್ದೆಂದರೆ, ಓಡುವ ಮೋಡಕ್ಕೂ ಅಳತೆ ತೆಗೆದು ಕೋಟು ಹೊಲಿದಾನು ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅಂಥವನು ಮೇಷ್ಟ್ರ ಅಂಗಿಗೆ ಜೇಬನ್ನು ತಲೆಕೆಳಗಾಗಿ ಹೊಲಿದ. ಪೆನ್ನು ಇಟ್ಟರೆ ನೇರ ಚಪ್ಪಲಿಗೇ ಬೀಳುತ್ತದೆ ಎಂದು ಮೇಷ್ಟ್ರು ನಕ್ಕು ಹೋದವರು ಮತ್ತೆ ಬರಲಿಲ್ಲ.

ಹೆಂಡತಿ ಕನ್ನಡಕ ಮಾಡಿಸಿದಳು. ಅದು ಆಗಲಿಲ್ಲವೆಂದು ಇನ್ನೊಂದು. ಅಂಗಡಿಯಲ್ಲಿ ಗಿರಾಕಿಗಳಿಗಿಂತ ಕನ್ನಡಕಗಳೇ ಹೆಚ್ಚಾದವು. ಕಣ್ಣಿನ ಡಾಕ್ಟರು ಮಾತ್ರ ಕಣ್ಣು ಚೆನ್ನಾಗಿದೆ ಎಂದೇ ಹೇಳಿದರು. ನೆನಪೂ ಗಟ್ಟಿಯಾಗಿತ್ತು; ಊರಿನವರ ಹಳೆಯ ಸೊಂಟದಳತೆಯೆಲ್ಲ ಅವನಿಗೆ ಬಾಯಿಪಾಠ. ಜೋರಾಗಿ ಹೇಳಿದರೆ ಅರ್ಧ ಊರು ಜಗಳಕ್ಕೆ ಬಂದೀತು.

ಹಾಗಾದರೆ ಬೇಕಂತಲೇ ಹೀಗೆ ಆಡುತ್ತಾನೆ ಎಂದುಕೊಂಡಳು. ಒಂದು ಮಧ್ಯಾಹ್ನ ಊಟದ ತಟ್ಟೆ ಹಿಡಿದು ಅವನ ಎದುರಿಗೇ ನಿಂತಳು. ಅವನು ಬಗ್ಗಿ, ನೆಲದ ಮೇಲಿದ್ದ ಗುಂಡುಪಿನ್ನು ಹೆಕ್ಕಿ, ಒಳಕೋಣೆಯತ್ತ ತಿರುಗಿ, "ಏನೇ, ಎಲ್ಲಿದ್ದೀಯೇ?" ಎಂದು ಕೂಗಿದ.

ಅಂದಿನಿಂದ ಅವಳು ಮಾತು ಬಿಟ್ಟಳು. ಬಾಯಿ ಮುಚ್ಚಿಕೊಂಡೇ ತಟ್ಟೆ ಇಡುವಳು, ತೆಗೆಯುವಳು. ಅವನು ಮಿಷನ್ನಿನ ಹತ್ತಿರ, ಅವಳು ಕಾಜ ಹಾಕುತ್ತ ಕಿಟಕಿಯ ಹತ್ತಿರ. ನಡುವೆ ಏಳು ಸಮುದ್ರ. ಮುಂದೆಯೇ ಇದ್ದ ಕತ್ತರಿಗಾಗಿ ಅವನು ಮೇಜೆಲ್ಲ ತಡಕಾಡಿ, ಸಿಗದೆ, ಕೈ ಮಡಚಿ ಕೂರುತ್ತಿದ್ದ.

ಪಕ್ಕದ ಮನೆಯ ನರ್ಸು ಬಟ್ಟೆ ಕೊಡಲು ಬಂದಾಗ ಹೆಂಡತಿಯ ಹೊಟ್ಟೆಯುರಿಯೆಲ್ಲ ಹೊರಬಿತ್ತು.

"ಪಿನ್ನು ಕಾಣುತ್ತೆ, ನಾನು ಕಾಣಲ್ವಂತೆ. ನಾನೇನು ಪಿನ್ನಿಗಿಂತ ತೆಳ್ಳಗಿದ್ದೀನೇನಮ್ಮ?"

ನರ್ಸು ನಗಲಿಲ್ಲ. "ಅಕ್ಕ, ಕಣ್ಣು ಬರೀ ತುಂಡು ಬಟ್ಟೆ ತಂದ್ಕೊಡುತ್ತೆ. ಜೋಡಿಸಿ ಹೊಲಿಯೋದು ಮಿದುಳು. ಅಣ್ಣಂಗೆ ಆ ಹೊಲಿಗೇನೇ ಬಿಚ್ಕೊಳ್ತಿರಬಹುದು."

ಮರೆವೇ ಇಲ್ಲದವನಿಗೆ ಎಂಥ ಮಿದುಳಿನ ಕಾಯಿಲೆ ಎಂದು ಅವಳು ಮೂಗು ಮುರಿದಳು. ಮೊದಲು ನೋಟವನ್ನೇ ತಿನ್ನುವ, ನೆನಪನ್ನು ಆಮೇಲೆ ಮುಟ್ಟುವ ಅಪರೂಪದ ಡಿಮೆನ್ಷಿಯಾ ಒಂದಿದೆ ಎಂದು ನರ್ಸು ಬಿಡಿಸಿ ಹೇಳಿ, ಆಸ್ಪತ್ರೆಗೆ ತಾನೇ ಜೊತೆಗೆ ಹೊರಟಳು.

ಮಿದುಳಿನ ಡಾಕ್ಟರು ಪರೀಕ್ಷೆ ಮಾಡಿ, ಸ್ಕ್ಯಾನ್ ನೋಡಿ ಅದೇ ಎಂದರು. ಇದು ಮೆಲ್ಲಗೆ ಹೆಚ್ಚುತ್ತದೆ, ವಾಸಿಯಾಗುವುದಿಲ್ಲ. ಕೆಲವರಿಗೆ ಮಾತ್ರೆ ಸ್ವಲ್ಪ ಆಸರೆ. ಮನೆಯಲ್ಲಿ ಸಾಮಾನು ಹರಡಬೇಡಿ, ಬೇಕಾದ್ದು ಎದ್ದು ಕಾಣುವ ಬಣ್ಣದಲ್ಲಿರಲಿ, ಹತ್ತಿರ ಬರುವಾಗ ಮಾತಾಡುತ್ತ ಬನ್ನಿ ಎಂದರು.

ಅವಳು ಮೇಜು ಖಾಲಿ ಮಾಡಿ ಬಿಳಿ ಬಟ್ಟೆ ಹಾಸಿದಳು. ಕತ್ತರಿಯ ಹಿಡಿಗೆ ಕೆಂಪು ಪಟ್ಟಿ ಸುತ್ತಿದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ ಕೂತು ಗಂಟಲು ಸರಿಮಾಡಿಕೊಂಡಳು.

"ರೀ, ಇಲ್ಲಿದ್ದೀನಿ. ಕಿಟಕಿ ಹತ್ರ."

ಅವನು ದನಿ ಬಂದತ್ತ ತಿರುಗಿದ. "ದಿನಾ ಅಲ್ಲೇ ಇರ್ತಿದ್ಯಾ? ತಟ್ಟೆ ಇಟ್ಟು ಎಲ್ಲೋ ಹೋಗ್ಬಿಡ್ತೀಯ ಅಂದ್ಕೊಂಡಿದ್ದೆ."

ಅವಳು ಕಾಜದ ಬಟ್ಟೆ ಎತ್ತಿಕೊಂಡು, ಮಾತಾಡುತ್ತಲೇ ಅವನ ಪಕ್ಕಕ್ಕೆ ಬಂದು ಕೂತಳು.

ಈಗ ಮಿಷನ್ ತುಳಿಯುವವಳು ಅವಳು, ಅಳತೆ ಹೇಳುವವನು ಅವನು. ಗಿರಾಕಿಗಳಿಲ್ಲದ ಸಂಜೆ ಆ ಕೋಣೆ ಈಗಲೂ ಬಿಕೋ ಎನ್ನುತ್ತದೆ. ಅವಳು ಮಾತ್ರ ವಟವಟ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಅವನ ಕೈ ಗಾಳಿಯಲ್ಲಿ ಹುಡುಕತೊಡಗುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಕಣ್ಣು ಸರಿಯಿದೆ ಎಂದು ಡಾಕ್ಟರು ಹೇಳಿದ ಮೇಲೂ ನಿಮ್ಮವರು ಎದುರಿಗಿರುವುದನ್ನು ತಡಕಾಡಿದರೆ, ಮೆಟ್ಟಿಲಿನ ಅಂದಾಜು ತಪ್ಪಿದರೆ, ಓದುವಾಗ ಸಾಲು ಕಳೆದುಕೊಂಡರೆ, ಇನ್ನೊಂದು ಕನ್ನಡಕ ಕೊಳ್ಳಬೇಡಿ. ಮಿದುಳಿನ ಡಾಕ್ಟರಿಗೆ ತೋರಿಸಿ. ಮುನಿಸಿಕೊಂಡು ಮಾತು ಮಾತ್ರ ಬಿಡಬೇಡಿ. ನೀವು ಪಕ್ಕದಲ್ಲೇ ಇದ್ದೀರೆಂದು ಅವರಿಗೆ ತಿಳಿಯುವುದು ಅದರಿಂದಲೇ.