ಅಂಟು ಒಣಗುವ ತನಕ

ಮೇಜಿನ ಮೇಲಿದ್ದ ರಟ್ಟಿನ ಪಟ್ಟಣದಲ್ಲಿ ಎಲ್ಲಕ್ಕಿಂತ ಎತ್ತರದ ಕಟ್ಟಡಕ್ಕೆ ದೋಣಿ ರಿಪೇರಿಯವನ ಬೆರಳ ಗೆಣ್ಣು ಟಕ್ಕೆಂದು ತಾಗಿದ್ದೇ ತಡ, ಅದು ಬುಡಸಮೇತ ಕಿತ್ತುಕೊಂಡು ಬಂದರಿನ ನೀಲಿ ನೀರಿನ ಮೇಲೆ ಅಡ್ಡಬಿತ್ತು. ಸಭಾಂಗಣದಲ್ಲಿದ್ದವರೆಲ್ಲ ಕತ್ತೆತ್ತಿ ನೋಡಿದರು.

ಬೇಕೆಂದು ಮಾಡಿದ್ದಲ್ಲ, ಪಾಪ. ಎಲ್ಲಿ ಹಲಗೆ ಕೊಳೆತು ಲಡ್ಡಾಗಿದೆಯೆಂದು ದೋಣಿಯ ಮೈಯನ್ನು ತಟ್ಟಿ ಕೇಳುವುದು ಅವನ ಕಸುಬು. ತಟ್ಟಿ ತಟ್ಟಿ ಅದೊಂದು ಚಟವೇ ಆಗಿಹೋಗಿತ್ತು. ಬಾಗಿಲು, ಮೇಜು, ಹಣ್ಣು, ಯಾವುದನ್ನೂ ಬಿಟ್ಟವನಲ್ಲ. ಮಗಳು ಚಿಕ್ಕವಳಿದ್ದಾಗ ಅವಳ ತಲೆಯನ್ನೂ ತಟ್ಟಿ, "ಗಟ್ಟಿ ಇದೆ, ಮುಳುಗಲ್ಲ" ಎಂದು ನಗಿಸುತ್ತಿದ್ದ.

ಈಗ ಮುರಿದದ್ದು ಅದೇ ಮಗಳ ಕೈಕೆಲಸ. ದಡದುದ್ದಕ್ಕೂ ಮನೆಗಳನ್ನೂ ಹೊಸ ಬಂದರನ್ನೂ ಕಟ್ಟಲು ಹೊರಟ ಕಂಪನಿಗೆ ಅವಳು ಮಾದರಿ ಮಾಡಿಕೊಡುತ್ತಿದ್ದಳು. ಯೋಜನೆ ಬಂದರೆ ಮೊದಲು ಹೋಗುವುದು ಅಪ್ಪನ ಶೆಡ್ಡು. ಹಾಗಾಗಿ ಒಂದೇ ಮನೆಯಲ್ಲಿದ್ದೂ ಇಬ್ಬರಿಗೂ ಮಾತಿರಲಿಲ್ಲ. ಊಟಕ್ಕೆ ಕರೆಯುವುದೂ ಅಜ್ಜಿಯ ರಾಯಭಾರದಲ್ಲೇ. ಇವತ್ತು ಆಕ್ಷೇಪಣೆ ಕೇಳುವ ಸಭೆ. ಅವನು ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಸರದಿ ಬರುವಷ್ಟರಲ್ಲಿ ಮಗಳ ಕೆಲಸವನ್ನೊಮ್ಮೆ ನೋಡೋಣವೆಂಬ ಆಸೆ ತಡೆಯಲಾಗದೆ ಹತ್ತಿರ ಹೋದದ್ದೇ ಎಡವಟ್ಟಾಯಿತು.

"ಬೇಕಂತಲೇ ಮುರಿದಿದ್ದು!" ಎಂದು ಕಂಪನಿಯ ಮ್ಯಾನೇಜರು ಎಗರಾಡಿದ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ಅವನಿಗೆ ಭೂಮಿ ಬಾಯಿಬಿಡಬಾರದೆ ಅನಿಸಿತು.

"ಅಲ್ಲ ಸರ್. ನಮ್ಮಪ್ಪ ಎಲ್ಲಾನೂ ಹಾಗೇ ತಟ್ಟೋದು," ಎಂದಳು ಮಗಳು. ಕಣ್ಣು ತುಂಬಿತ್ತು. ಅಂಟಿನ ಟ್ಯೂಬು ತೆಗೆದು ಮಂಡಿಯೂರಿದಳು. ಅವನೂ ಪಕ್ಕದಲ್ಲಿ ಕೂತ.

"ತೆಳ್ಳಗೆ ಹಚ್ಚೇ. ಜಾಸ್ತಿಯಾದ್ರೆ ಹಿಡಿಯಲ್ಲ."

"ಗೊತ್ತು. ನೀನೇ ಹೇಳ್ಕೊಟ್ಟಿದ್ದಲ್ವಾ."

ಹತ್ತಿರದಿಂದ ನೋಡಿದರೆ ಒಂದೊಂದು ಕಿಟಕಿಯನ್ನೂ ಕೊರೆದು ಅಂಚು ಉಜ್ಜಿದ್ದಳು. ಅವನ ಶೆಡ್ಡಿನ ಜಾಗದಲ್ಲಿ ಮಾತ್ರ ಹಸಿರು ಸ್ಪಂಜಿನ ಪಾರ್ಕು. ಅವನಿಗೆ ಹೆಮ್ಮೆ, ಸಂಕಟ ಎರಡೂ ಒಟ್ಟಿಗೆ ಬಂದವು.

"ಇಲ್ಲಿ ಹಿಡ್ಕೋ ಅಪ್ಪ. ಒಣಗೋ ತನಕ ಬಿಡಬೇಡ."

ಅಷ್ಟರಲ್ಲಿ ವೇದಿಕೆಯಿಂದ ಅಧಿಕಾರಿ ಕರೆದರು. "ಯಜಮಾನ್ರೇ, ಈಗ ನಿಮ್ಮದು. ಮೈಕ್ ಹತ್ರ ಬನ್ನಿ."

ಅವನು ಕಟ್ಟಡ ಹಿಡಿದ ಬೆರಳು ಬಿಡದೆ ಕೂತೇ ಇದ್ದ. ಹೇಳಿದರೆ ಈಗಷ್ಟೇ ಬಾಯಿಬಿಟ್ಟ ಮಗಳು ಮತ್ತೆ ದೂರವಾದಾಳು. ಹೇಳದಿದ್ದರೆ ದಡ ಹೋಯಿತು.

"ಏನೂ ಇಲ್ಲ ಅಂತ ಹೇಳಿಬಿಡ್ಲಾ?" ಎಂದು ಪಿಸುಗುಟ್ಟಿದ.

"ಅದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ?" ಅವಳು ಮೂಗೊರೆಸಿಕೊಂಡು ಎದ್ದು ಹೋಗಿ, ಮ್ಯಾನೇಜರು ಕಣ್ಣು ಕೆಕ್ಕರಿಸುತ್ತಿದ್ದಂತೆಯೇ ಮೈಕನ್ನು ವೈರು ಸಮೇತ ಎಳೆದುಕೊಂಡು ಬಂದು ಅಪ್ಪನ ಬಾಯಿಗೆ ಹಿಡಿದಳು. "ಹೇಳು. ಕೈ ಮಾತ್ರ ಅಲ್ಲಾಡಿಸ್ಬೇಡ."

"ಇದು ಬರಬಾರದು ಸಾರ್," ಎಂದು ಅವನು ಶುರುಮಾಡಿದ. "ದೋಣಿ ಮೇಲಕ್ಕೆಳೆಯೋಕೆ ನಮಗಿರೋ ಇಳಿಜಾರು ಇದೊಂದೇ..."

ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಹೇಳಿ ಮುಗಿಸುವವರೆಗೂ ಅವನ ಎರಡು ಬೆರಳು ಆ ಕಟ್ಟಡವನ್ನು ಓಲದಂತೆ ನೆಟ್ಟಗೆ ಹಿಡಿದುಕೊಂಡೇ ಇದ್ದವು.