ಆರು ಸೆಕೆಂಡಿನ ಮಂತ್ರ

ಯಾರು ಏನೇ ಹೇಳಲಿ, ಶಹಾಬಾದಿನ ಗಣಿತದ ಶಿಕ್ಷಕಿ ತಾಜುನ್ನಿಸಾ ಅವರ ಬಾಯಿಂದ ಮೊದಲು ಬರುವ ಮಾತು "ಇಲ್ಲಂದ್ರ?" ಚಿತ್ತಾಪುರದ ಬಸ್ಸು ಹತ್ತಕ್ಕೆ ಬರುತ್ತದೆಂದರೆ, "ಬರಲಿಲ್ಲಂದ್ರ?" ಮದುವೆಮನೆಯಲ್ಲಿ ಬಿರಿಯಾನಿ ಸಾಲುತ್ತದೆಂದರೆ, "ಸಾಲಲಿಲ್ಲಂದ್ರ?" ಇದು ಕೊಂಕಲ್ಲ, ಆಗಬಹುದಾದದ್ದನ್ನೆಲ್ಲ ಮುಂಚಿತವಾಗಿ ಎಣಿಸಿಟ್ಟುಕೊಂಡರೇ ಅವರಿಗೆ ನೆಮ್ಮದಿ. ನಡೆಯುವಾಗ ಕೂಡ ನೆಲಕ್ಕೆ ಹಾಸಿದ ಫರ್ಸಿಕಲ್ಲುಗಳ ಸಂದಿನ ಮೇಲೆ ಕಾಲಿಡುವವರಲ್ಲ.

ಅವರ ಮನೆಯ ಫರ್ಸಿಯ ಅಂಗಳದಲ್ಲಿ ಹನ್ನೆರಡು ವರ್ಷ, ಪ್ರತಿ ಭಾನುವಾರ, ಅವರೂ ಸೇರಿ ನಾಲ್ವರು ಗೆಳೆಯರು ಸೀಮೆಸುಣ್ಣದಿಂದ ಕೋಟೆ ಕಾಡುಗಳನ್ನು ಬರೆದು, ಯೋಧ, ಮಾಂತ್ರಿಕ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸಿ ಕಥೆಯಾಡುತ್ತಿದ್ದರು. ಬೆಂಕಿಮಂತ್ರ ಮೂರು ಫರ್ಸಿ ದೂರ ಹೋಗುತ್ತದೆ, ರಕ್ಷಾಮಂತ್ರ ಎರಡೇ ಫರ್ಸಿ. ಮಂತ್ರವನ್ನು ಬಾಯಿಬಿಟ್ಟು ಹೇಳಬೇಕು, ಆರು ಸೆಕೆಂಡಿನೊಳಗೆ ಮುಗಿಸಬೇಕು. ಎಲ್ಲವೂ ತಾಜುನ್ನಿಸಾರ ರಟ್ಟಿನ ವಹಿಯಲ್ಲಿ ದುಂಡಗಿನ ಅಕ್ಷರಗಳಲ್ಲಿತ್ತು.

ಆ ವಹಿಯನ್ನು ಕಂಪ್ಯೂಟರ್ ಆಟವಾಗಿಸಲು ಅವರು ಎರಡು ವರ್ಷ ಪ್ರೋಗ್ರಾಮಿಂಗ್ ಕಲಿತರು. ಬೆಂಕಿ ಗೋಡೆಗೆ ತಾಗಿದರೇನು, ಸತ್ತವನ ಮೇಲೆ ರಕ್ಷೆ ಹಾಕಿದರೇನು ಎಂದು ಅಂಗಳದಲ್ಲಿ ನಗುತ್ತ ತೀರ್ಮಾನಿಸಿದ್ದನ್ನೆಲ್ಲ ಯಂತ್ರಕ್ಕೆ ಮೊದಲೇ ಬಿಡಿಸಿ ಹೇಳಬೇಕು. ಹೇಳಿದರು. ವಹಿಯ ಒಂದಕ್ಷರವನ್ನೂ ಬಿಡಲಿಲ್ಲ.

ಆಟ ಸಿದ್ಧವಾದ ಮೊದಲ ಭಾನುವಾರ ಮೈಕಿನ ಮುಂದೆ ಕುಳಿತವನು ವಾಡಿಯ ದರ್ಜಿ ರಾಮಲಿಂಗ, ಗುಂಪಿನ ಮಾಂತ್ರಿಕ. ಅವನಿಗೆ ಉಗ್ಗು. ರಕ್ಷಾಮಂತ್ರದ ಮೊದಲ ಅಕ್ಷರದಲ್ಲೇ ನಾಲಿಗೆ ಸಿಕ್ಕಿಕೊಂಡಿತು. ಆರು ಸೆಕೆಂಡು ಕಳೆದು ಪರದೆಯ ಮೇಲೆ "ಮಂತ್ರ ವ್ಯರ್ಥ" ಎಂದು ಮೂಡಿತು. ಮೂರು ಸಲ ಹಾಗೇ ಆಯಿತು. ರಾಮಲಿಂಗ ಎದ್ದು ಚಪ್ಪಲಿ ಮೆಟ್ಟಿಕೊಂಡ.

"ನೀ... ನೀವು ಆಡ್ರಿ ಆಪಾ. ನಾ ಇನ್ನ ಬರಂಗಿಲ್ಲ."

ತಾಜುನ್ನಿಸಾ ವಹಿ ತೆರೆದು ಆರು ಸೆಕೆಂಡಿನ ಸಾಲನ್ನು ಮತ್ತೆ ಓದಿದರು. ಅಂಗಳದಲ್ಲಿ ಆಡುವಾಗ ಆ ಆರು ಸೆಕೆಂಡನ್ನು ಯಾರೂ ಗಡಿಯಾರ ನೋಡಿ ಅಳೆದವರಲ್ಲ. ರಾಮಲಿಂಗನ ಮಂತ್ರ ಮುಗಿಯುವವರೆಗೆ ಮಿಕ್ಕವರು ದಾಳವನ್ನು ಅಂಗೈಯಲ್ಲೇ ಹಿಡಿದು ಕಾಯುತ್ತಿದ್ದರು. ಕಾಯುತ್ತಿದ್ದೇವೆಂಬುದೂ ಅವರಿಗೆ ತಿಳಿದಿರಲಿಲ್ಲ. ಎಲ್ಲ ನಿಯಮಗಳಿಗಿಂತ ದೊಡ್ಡದಾದ ಆ ನಿಯಮ ವಹಿಯಲ್ಲಿರಲಿಲ್ಲ. ಹನ್ನೆರಡು ವರ್ಷದ ಗೆಳೆಯನನ್ನು ತಾವೇ ಬಾಗಿಲಿನಿಂದಾಚೆ ಹಾಕಿದಂತಾಯಿತಲ್ಲ ಎಂದು ಅವರು ಅತ್ತರು.

ನಾಲ್ಕನೆಯ ದಿನ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ವಾಡಿಗೆ ಹೋಗಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ಅದನ್ನಿಟ್ಟರು. ರಾಮಲಿಂಗ ಒಲ್ಲದ ಮನಸ್ಸಿನಿಂದ ಮಂತ್ರ ಶುರುಮಾಡಿದ. ತಡವರಿಸಿದ. ಪರದೆಯ ಮೇಲೆ ಶತ್ರು ಎತ್ತಿದ ಖಡ್ಗ ಎತ್ತಿದಲ್ಲೇ ನಿಂತಿತ್ತು.

"ಎಷ್ಟೊತ್ತು ಕಾಯ್ತದ್ರಿ ಇದು?"

"ನೀ ಮುಗಿಸೋತನಕ."

ರಾಮಲಿಂಗನ ಮುಖ ಬಿಗಿಯಿತು. "ನನಗಷ್ಟೇ ಏನ್ರಿ?"

"ಎಲ್ಲರಿಗೂ. ಈಗ ನಿಯಮಾನೇ ಇದು."

ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮಂತ್ರವನ್ನು ಪೂರ್ತಿ ಹೇಳಿದ.

ನಿಯಮನಿಷ್ಠರನ್ನು ನಾವು ಬಹು ಬೇಗ ಕಲ್ಲೆದೆಯವರೆಂದುಬಿಡುತ್ತೇವೆ. ಎದುರಿಗಿದ್ದವನ ಕಷ್ಟ ಕಂಡು ಮರುಗಿ, ಅವನಿಗೊಂದು ವಿನಾಯಿತಿ ಕೊಟ್ಟು ಹಗುರಾಗುವವರು ನಾವು. ತಾಜುನ್ನಿಸಾರಂಥವರಿಗೆ ಅಷ್ಟು ಸಾಲದು; ತಪ್ಪಾದ ನಿಯಮವನ್ನೇ ಕಿತ್ತು ಹೊಸದಾಗಿ ಬರೆಯುತ್ತಾರೆ. ಆ ಹೊಸ ನಿಯಮ ಆಮೇಲೆ ಅವರೆಂದೂ ಕಾಣದ ಊರಿನಲ್ಲಿ, ಅವರಿಗೆ ಹೆಸರೂ ಗೊತ್ತಿಲ್ಲದ ಇನ್ನೊಬ್ಬ ಉಗ್ಗುವವನಿಗಾಗಿಯೂ ಕಾಯುತ್ತದೆ.